ಅರ್ಧಕ್ಕೆ ನಿಂತ ಬೇರು

ಹಾಲುಹಲ್ಲು ಬಿದ್ದು ಹೊಸದಾಗಿ ಬಂದಿದ್ದ ನನ್ನ ಮಗಳ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಬೂದಿ ಬಣ್ಣಕ್ಕೆ ತಿರುಗಿದ್ದು ನನ್ನ ಕಣ್ಣಿಗೆ ತಡವಾಗಿ ಬಿತ್ತು. ನನ್ನ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಹಲ್ಲು ಕಾಣುವ ಹಾಗೆ ನಗುವವರು ಯಾರಿದ್ದರು? ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ. ನಾನು ಡ್ಯೂಟಿ ಮುಗಿಸಿ ಬಂದು ಅನ್ನಕ್ಕಿಟ್ಟರೆ ಅವಳು ಪುಸ್ತಕ ಹಿಡಿದು ಮೂಲೆ ಸೇರುತ್ತಿದ್ದಳು. ಗೂಡ್ಸ್ ಗಾಡಿ ಹೋದಾಗ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಮನೆಯಲ್ಲಿ ಮಾತಾಡುತ್ತಿದ್ದದ್ದು ಅವೇ.

ಅವಳು ಬಿದ್ದದ್ದು ಬೇಸಿಗೆ ರಜೆಯಲ್ಲಿ, ಹರಿಯಬ್ಬೆಯ ಅಜ್ಜಿ ಮನೆಯಲ್ಲಿ. ಕುರಿಹಟ್ಟಿಯ ಕಲ್ಲಿಗೆ ಮುಖ ಬಡಿದಿತ್ತು. ನಮ್ಮತ್ತೆ ಹುಟ್ಟಿದಾಗಿನಿಂದ ಕುರಿಯ ಜೊತೆಯೇ ಬೆಳೆದವರು. ಸಂತೆಯಲ್ಲಿ ಕುರಿಯ ಕೆಳತುಟಿ ಸರಿಸಿ ಒಮ್ಮೆ ನೋಡಿದರೆ ಸಾಕು, ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಎಂದು ಅದರ ವಯಸ್ಸು ಹೇಳಿಬಿಡುತ್ತಾರೆ. ಮೊಮ್ಮಗಳಿಗೂ ಹಾಗೇ ಮಾಡಿದರಂತೆ. ಗದ್ದ ಹಿಡಿದು, ಕೆಳತುಟಿ ಎಳೆದು, ಕೆಳಸಾಲನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ ನನಗೆ ಫೋನ್ ಮಾಡಿದರು.

"ಏನೂ ಆಗಿಲ್ಲ ಕಣಪ್ಪ. ಹಲ್ಲೆಲ್ಲ ಗಟ್ಟಿ ಅವೆ. ತುಟಿ ಒಂಚೂರು ಊದೈತೆ ಅಷ್ಟೇ."

ಕುರಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇರುವುದಿಲ್ಲ. ಮೇಲೆ ನೋಡುವ ರೂಢಿ ಅವರ ಕೈಗೆ ಎಲ್ಲಿಂದ ಬರಬೇಕು?

ಮಳೆಗಾಲ ಮುಗಿಯುವ ಹೊತ್ತಿಗೆ ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿತು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ತೋರಿಸಿದರು.

"ನೋಡ್ರಿ, ಒಳಗಿನ ತಿರುಳು ಸತ್ತೈತೆ. ಪೆಟ್ಟು ಬಿದ್ದಾಗ ಬೇರು ಇನ್ನೂ ಬೆಳೀತಾ ಇತ್ತು, ಅಲ್ಲಿಗೇ ನಿಂತ್‌ಬಿಟ್ಟೈತೆ. ಗೋಡೆ ಬಲು ತೆಳ್ಳಗೈತೆ. ಹಿಂಗೇ ಬಿಟ್ರೆ ಮುರಿಯುತ್ತೆ."

"ಕೀಳಬೇಕಾ, ಮೇಡಂ?"

"ಒಂದು ಪ್ರಯತ್ನ ಮಾಡಾಣ. ಬೇರು ಮತ್ತೆ ಬೆಳೀಬಹುದು. ಖಾತ್ರಿ ಕೊಡಕ್ಕಾಗಲ್ಲ."

ಮೊದಲ ಸಲ ಒಳಗೆ ತೊಳೆದು ಔಷಧಿ ತುಂಬಿ ಕಳಿಸಿದರು. ಕೆಲವು ವಾರ ಬಿಟ್ಟು ಹೋದಾಗ, "ಇವತ್ತು ಬೇಕಂತಲೇ ಬೇರಿನ ತುದೀಲಿ ರಕ್ತ ಬರಿಸ್ತೀನಿ" ಎಂದರು. ನಾನು ಮಗಳ ಕೈ ಹಿಡಿದುಕೊಂಡೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಬೇರಿನ ತುದಿಯ ಆಚೆ ಸ್ಟೆಮ್ ಸೆಲ್ ಎನ್ನುವ ಮೂಲ ಜೀವಕೋಶಗಳು ಇನ್ನೂ ಬದುಕಿರಬಹುದು. ಹಲ್ಲು ಕಟ್ಟುವ ಶಕ್ತಿ ಅವಕ್ಕಿದೆ. ರಕ್ತ ಒಳಗೆ ತುಂಬಿ ಹೆಪ್ಪುಗಟ್ಟಿದರೆ ಅವು ಅದರ ಜೊತೆ ಬಂದು ಸೇರುತ್ತವೆ.

"ಆದ್ರೆ ಒಂಟಿಯಾಗಿ ಅವು ಹೆಚ್ಚೇನೂ ಮಾಡಲ್ಲ. ರಕ್ತನಾಳದ ಕೋಶಗಳು ಪಕ್ಕಕ್ಕೆ ಬರಬೇಕು. ನಾಳ ಅಂದ್ರೆ ಬರೀ ಊಟ ತರೋ ಪೈಪು ಅಂದ್ಕೋಬೇಡ್ರಿ. ಅದರ ಕೋಶಗಳು ಇವಕ್ಕೆ ಬದುಕು, ಬೆಳಿ, ಹಲ್ಲಾಗು ಅಂತ ಸುದ್ದಿ ಕಳಿಸ್ತಾವೆ. ಇವೂ ಅವನ್ನ ಇತ್ತ ಬಾ ಅಂತ ಕರೀತಾವೆ. ಹೆಂಗೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ."

ನಾನು ತಲೆಯಾಡಿಸಿದೆ. ಒಂಟಿ ಎನ್ನುವ ಮಾತಿನ ಆಚೆಗೆ ನನಗೆ ಅಷ್ಟೇನೂ ಕೇಳಿಸಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆಗೇ ಮುಖಮಾಡಿ ಕೇಳಿದಳು. "ಅಪ್ಪಾಜಿ, ಆ ರಕ್ತನಾಳ ಬರ್ದೇ ಹೋದ್ರೆ?"

"ಬರ್ತಾವೆ ಬಿಡು."

"ಅಮ್ಮ ಆಸ್ಪತ್ರೆಯಿಂದ ಬರ್ತಾಳೆ ಅಂತಾನೂ ನೀನು ಹಿಂಗೇ ಹೇಳಿದ್ದೆ."

ಅಲ್ಲಿಂದಾಚೆ ಆ ಹಲ್ಲು ನನಗೆ ಬರೀ ಹಲ್ಲಾಗಿ ಉಳಿಯಲಿಲ್ಲ. ಬೆಳಿಗ್ಗೆ ಅವಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ತುಟಿ ಎತ್ತಿ ನೋಡುತ್ತಿದ್ದೆ. ಹೊರಗಿನಿಂದ ಏನು ತಿಳಿಯುತ್ತದೆ? ಆದರೂ ನೋಡುತ್ತಿದ್ದೆ. ಅವಳೂ ಸುಮ್ಮನೆ ನಿಲ್ಲುತ್ತಿದ್ದಳು.

ಒಮ್ಮೆ ನಮ್ಮತ್ತೆ ಬಂದರು. ವಿಷಯ ಕೇಳಿ ಬಹಳ ಹೊತ್ತು ಸೆರಗು ಹಿಂಡುತ್ತಾ ಕುಳಿತಿದ್ದರು. "ನನ್ನ ಕಣ್ಣಿಗೆ ಕುರಿ ಬಾಯೇ ಕಂಡಿತ್ತು ಕಣಪ್ಪ" ಎಂದರು.

"ಅಜ್ಜಿ, ನಾನು ಕುರಿನಾ?" ಎಂದಳು ಮಗಳು.

"ಕುರಿ ಆಗಿದ್ರೆ ಹೇಳ್ದಂಗೆ ಕೇಳ್ತಿದ್ದೆ ಬಿಡೇ."

ಅವಳು ನಕ್ಕಳು, ಕೈಯಿಂದ ಬಾಯಿ ಮುಚ್ಚಿಕೊಂಡು. ಅವಳ ಅಮ್ಮನಿಗೂ ಹಾಗೇ ಮುಚ್ಚಿಕೊಂಡು ನಗುವ ಅಭ್ಯಾಸವಿತ್ತು. ಅತ್ತೆಯೂ ನಾನೂ ಬೇರೆ ಬೇರೆ ಕಡೆ ನೋಡಿದೆವು.

ಮುಂದಿನ ಬೇಸಿಗೆಗೆ ಮತ್ತೆ ಎಕ್ಸ್‌ರೇ ಆಯಿತು. ಡಾಕ್ಟರಮ್ಮ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರು. ಬೇರಿನ ಗೋಡೆ ಕೊಂಚ ದಪ್ಪವಾಗಿತ್ತು, ಅಗಲವಾಗಿ ಬಾಯಿ ಬಿಟ್ಟಿದ್ದ ತುದಿ ಕೂಡಿಕೊಳ್ಳುತ್ತಾ ಬಂದಿತ್ತು. ಆಮೇಲೆ ಅವರು ತಣ್ಣನೆಯ ಹತ್ತಿಯನ್ನು ಆ ಹಲ್ಲಿಗೆ ಒತ್ತಿ ಹಿಡಿದರು. ಹಿಂದಿನ ಸಲ ಹೀಗೆ ಮಾಡಿದಾಗ ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಈ ಸಲವೂ ಮೊದಲು ಸುಮ್ಮನಿದ್ದಳು. ಮರುಕ್ಷಣ ಭುಜ ಕುಗ್ಗಿಸಿ ತಲೆ ಹಿಂದಕ್ಕೆಳೆದುಕೊಂಡಳು.

"ಜುಮ್ ಅಂತು."

"ಒಳಗೆ ಜೀವ ಐತೆ" ಎಂದರು ಡಾಕ್ಟರಮ್ಮ. "ಇನ್ನೂ ನೋಡ್ತಿರಬೇಕು."

ಹೊರಗೆ ಬಂದು ಅಭ್ಯಾಸಬಲದಿಂದ ಫೋನ್ ತೆಗೆದೆ. ಈ ಸುದ್ದಿಯನ್ನು ಮೊದಲು ಹೇಳಬೇಕಾದವಳ ನಂಬರು ಅದರಲ್ಲಿ ಇನ್ನೂ ಇತ್ತು. ಸ್ವಲ್ಪ ಹೊತ್ತು ನೋಡಿ, ಹರಿಯಬ್ಬೆಗೆ ಫೋನ್ ಮಾಡಿದೆ. "ಮ್ಯಾಲಿನ ಹಲ್ಲೇ ತಾನೇ?" ಎಂದು ಅತ್ತೆ ಮತ್ತೆ ಮತ್ತೆ ಕೇಳಿದರು.

ಬಸ್ಸಿನಲ್ಲಿ ಮಗಳು ಐಸ್‌ಕ್ಯಾಂಡಿಯನ್ನು ಅದೇ ಹಲ್ಲಿಗೆ ತಾಗಿಸಿ ಮುಖ ಕಿವುಚಿದಳು, ಮತ್ತೆ ತಾಗಿಸಿದಳು. ಕಡ್ಡಿ ಮಾತ್ರ ಉಳಿದ ಮೇಲೆ ನನ್ನ ಕಡೆ ತಿರುಗಿದಳು.

"ಈ ಸಲ ನೀನು ಹೇಳ್ದಂಗೇ ಬಂತು, ಅಪ್ಪಾಜಿ."