ಹೆಲ್ಮೆಟ್ಟಿಗೆ ಅಂಟಿಸಿದ ದನಿ

ಅವತ್ತೂ ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ಒಲೆಯ ಮೇಲೆ ಹಾಲಿಟ್ಟು, ಅದು ಕಾಯುವಷ್ಟರಲ್ಲಿ ಮನೆಯ ಹಿಂದಿನ ಹುಳುಮನೆಗೆ ಹೋಗಿ ಬಂದೆ. ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಒಂದು ಮೂಲೆಯಲ್ಲಿ ಕಡಿಮೆಯಾಗಿತ್ತು. ಬಗ್ಗಿ ನೋಡಿದರೆ ನಾಲ್ಕಾರು ಹುಳು ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಮೈ ಜೇನಿನ ಬಣ್ಣಕ್ಕೆ ತಿರುಗಿತ್ತು. ಹಣ್ಣಾಗಿದ್ದವು, ಅಂದರೆ ಗೂಡು ಕಟ್ಟಲು ಸಿದ್ಧ. ನಾವು ಮಾರನೆಯ ದಿನಕ್ಕೆ ಎಣಿಸಿದ್ದೆವು.

ಗೂಡು ಕಟ್ಟಿಸಲು ಚಂದ್ರಿಕೆ ಬೇಕು, ಬಿದಿರಿನ ಸುರುಳಿ ಹೆಣೆದ ಅಗಲದ ತಟ್ಟಿ. ನಮ್ಮಲ್ಲಿರುವುದು ಸಾಲದೆ ಪ್ರತಿ ಸಲವೂ ಶ್ರೀನಿವಾಸಪುರದ ಕಡೆಯ ಒಂದು ಊರಿನಿಂದ ಬಾಡಿಗೆಗೆ ತರಿಸುತ್ತೇವೆ. ಯಜಮಾನರು ಕಾಫಿಯನ್ನು ನಿಂತೇ ಕುಡಿದು ಬೈಕು ತೆಗೆದರು.

"ರೀ, ಒಂದೈದು ನಿಮಿಷ ತಾಳಿ," ಅಂದೆ. "ಅದನ್ನ ಅಂಟಿಸಿ ಕೊಡ್ತೀನಿ."

ಅಂಗೈಯಗಲದ ಒಂದು ಬ್ಲೂಟೂತ್ ಸ್ಪೀಕರು. ಹೆಲ್ಮೆಟ್ಟಿನ ಹಿಂಬದಿಗೆ, ಹೊರಗಡೆ ಅಂಟಿಸಬೇಕು. ಅಲ್ಲಿಂದ ಒಂದು ಸಣ್ಣ ವೈರು ಒಳಗೆ ಬಾಯಿಯ ಹತ್ತಿರದ ಮೈಕಿಗೆ ಹೋಗುತ್ತದೆ. ಫೋನು ಬಂದರೆ ಎರಡು ರಿಂಗಿಗೆ ತಾನೇ ಎತ್ತಿಕೊಳ್ಳುತ್ತದೆ. ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬೇಕಾಗಿಲ್ಲ, ಹೆಲ್ಮೆಟ್ಟೇ ಅದುರಿ ಮಾತಾಡುತ್ತದೆ. ನಾನೇ ತರಿಸಿದ್ದು. ನಮ್ಮ ಕಡೆ ಗಂಡಸರು ಫೋನನ್ನು ಹೆಲ್ಮೆಟ್ಟಿನೊಳಗೆ ಕೆನ್ನೆಗೆ ತುರುಕಿಕೊಂಡು, ತಲೆ ಓರೆ ಮಾಡಿಕೊಂಡು ಬೈಕು ಓಡಿಸುತ್ತಾರೆ. ಇವರೂ ಹಾಗೇ. ಅದು ತಪ್ಪಲಿ ಎಂದೇ ಇದನ್ನು ತರಿಸಿದ್ದು.

ಜೊತೆಗೆ ಬಂದಿದ್ದ ಕಾಗದದ ಸೂಚನೆಗಳನ್ನು ಪೂರ್ತಿ ಓದಿದ್ದೆ. ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಒತ್ತಿ ಹಿಡಿದು, ಒಂದು ದಿನ ಹಾಗೇ ಬಿಡಬೇಕು. ಒಂದು ದಿನ ಎಲ್ಲಿಂದ ತರುವುದು? ಸೆರಗಿನಿಂದ ಒರೆಸಿ, ಒತ್ತಿ ಹಿಡಿದು ಮನಸ್ಸಿನಲ್ಲೇ ಅರವತ್ತು ಎಣಿಸಿದೆ. ಅಂಗಳದ ಆಚೆಯಿಂದ ಫೋನು ಮಾಡಿ ನೋಡಿದೆ.

"ಕೇಳಿಸ್ತಾ?"

"ಬಿಂದಿಗೆ ಒಳಗೆ ಕೂತು ಕೂಗ್ತಾ ಇದ್ದೀಯಲ್ಲೇ! ಚೆನ್ನಾಗ್ ಕೇಳ್ತೈತೆ. ಇನ್ಮೇಲೆ ದಾರೀಲೂ ಬೈಗುಳ ತಪ್ಪಲ್ಲ ಅನ್ನು," ಎಂದು ನಕ್ಕರು. ಇನ್ನು ಜೇಬಿನಲ್ಲಿ ಯಾಕೆ ಎಂದು ಫೋನನ್ನು ಬೈಕಿನ ಸೈಡ್ ಬಾಕ್ಸಿಗೆ ಹಾಕಿ ಹೊರಟರು.

ಒಂಬತ್ತರ ಹೊತ್ತಿಗೆ ಹುಳುಗಳು ತಟ್ಟೆ ತಟ್ಟೆಯಾಗಿ ಹಣ್ಣಾಗತೊಡಗಿದವು. ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನಲ್ಲೇ ನೂಲು ಸುತ್ತಿಕೊಂಡು ಕೆಡುತ್ತವೆ. ಇನ್ನೂ ಇಪ್ಪತ್ತು ಚಂದ್ರಿಕೆ ಹೆಚ್ಚಿಗೆ ಹೇಳೋಣವೆಂದು ಫೋನು ಮಾಡಿದೆ. ಎರಡು ರಿಂಗು, ಎತ್ತಿಕೊಂಡಿತು.

"ಹೇಳೇ, ಲೋಡ್ ಮಾಡ್ಸಿ ಹೊರಟೆ. ಟೆಂಪೋ ಹಿಂದೆ ಬರ್ತೈತೆ."

ನಿಧಾನವಾಗಿ ಹೋಗುತ್ತಿದ್ದರೆಂದು ಕಾಣುತ್ತದೆ, ಪಕ್ಕದಲ್ಲಿ ನಿಂತು ಮಾತಾಡಿದಂತಿತ್ತು. "ಇನ್ನೂ ಇಪ್ಪತ್ತು ಬೇಕಿತ್ತು," ಅಂದೆ. ಅಷ್ಟರಲ್ಲಿ ವೇಗ ಹೆಚ್ಚಿರಬೇಕು, ಗಾಳಿಯ ಸದ್ದು ಎಲ್ಲವನ್ನೂ ನುಂಗಿತು. "ಏನು? ಏನಂದೆ?" ಎಂಬುದಷ್ಟೇ ಕೇಳಿತು. ಆಮೇಲೆ ಟಕ್, ಟಕ್, ಟಕ್. ಒಂದು ಲಾರಿಯ ಉದ್ದ ಹಾರನ್ನು. ಧಡ್ ಎಂಬ ಸದ್ದು. ಆಮೇಲೆ ಏನೂ ಇಲ್ಲ.

ಫೋನಿನ ಮೇಲೆ ಸೆಕೆಂಡುಗಳು ಮಾತ್ರ ಓಡುತ್ತಿದ್ದವು. "ರೀ? ರೀ!" ಎಂದೆ. ಹದಿನೆಂಟು ಸೆಕೆಂಡು ಕಳೆದು ಕರೆ ಕಟ್ಟಾಯಿತು.

ಮತ್ತೆ ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ. ಮತ್ತೆ.

"ಏನೇ ಅದು, ಹುಳ ಬಿಟ್ಟು ಫೋನು?" ಅತ್ತೆ ತಟ್ಟೆಗಳ ಆಚೆ ಸಾಲಿನಿಂದ ಕೇಳಿದರು. ಮೊಣಕಾಲು ನೋವಿದ್ದರೂ ಮಣೆ ಹಾಕಿಕೊಂಡು ಹಣ್ಣಾದ ಹುಳು ಆರಿಸುತ್ತಿದ್ದರು.

"ಸಿಗ್ನಲ್ ಇಲ್ಲ ಅತ್ತೆ."

ಹುಳುಗಳನ್ನು ಬಿಟ್ಟು ಹೋಗುವಂತಿಲ್ಲ, ಅತ್ತೆಗೆ ಹೇಳುವಂತಿಲ್ಲ. ಅವರಿಗೆ ಬಿಪಿ. ಕೈ ತನ್ನಷ್ಟಕ್ಕೆ ಆರಿಸುತ್ತಿತ್ತು. ಆಗ ನನ್ನ ಬೆರಳುಗಳನ್ನು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ, ಬೆರಳ ಗೆರೆಗಳಲ್ಲಿ ಬಿಳಿ. ಹುಳುವಿಗೆ ರೋಗ ತಾಗದಿರಲೆಂದು ಎರಚುವ ಸುಣ್ಣದ ಪುಡಿ. ಇದೇ ಕೈಯಲ್ಲಿ ಆ ಅಂಟನ್ನು ಮುಟ್ಟಿದ್ದೆ. ಒರೆಸಿದ ಸೆರಗೂ ಸುಣ್ಣದ್ದೇ. ಹೆಲ್ಮೆಟ್ಟು ತೂಗುಹಾಕುವುದೂ ಹುಳುಮನೆಯ ಬಾಗಿಲ ಮೊಳೆಗೇ. ಸುಣ್ಣ ತಾಗಿದ ಅಂಟು ಬಿಟ್ಟುಕೊಂಡು, ಸ್ಪೀಕರು ವೈರಿನಲ್ಲಿ ನೇತಾಡಿ, ತಲೆಯ ಹಿಂದೆ ಬಡಿದಿರಬೇಕು. ಅವರು ತಿರುಗಿ ನೋಡಿರಬೇಕು. ಎದುರಿಗೆ ಲಾರಿ. ಮಾವಿನ ಕಾಲ, ಆ ರಸ್ತೆಯಲ್ಲಿ ಲಾರಿಗಳಿಗೆ ಬಿಡುವಿಲ್ಲ. ಕೆನ್ನೆಗೆ ಫೋನು ತುರುಕಿಕೊಂಡು ಇಷ್ಟು ವರ್ಷ ಏನೂ ಆಗದೆ ಬಂದವರಿಗೆ ನಾನೇ ಇದನ್ನು ತಂದು ಅಂಟಿಸಿದೆ.

ಚಂದ್ರಿಕೆ ಬಾಡಿಗೆಗೆ ಕೊಡುವವರಿಗೆ ಫೋನು ಮಾಡಿದೆ. "ಅಯ್ಯೋ, ಅವರು ಹೊರಟು ಅರ್ಧ ಗಂಟೆ ಮ್ಯಾಲಾಯ್ತು ಕಣಮ್ಮಾ. ಬಂದಿರ್ಬೇಕಲ್ಲ?" ಅಂದರು. ನಮ್ಮ ಮನೆಗೆ ದಾರಿಯೇ ಅರ್ಧ ಗಂಟೆ.

ಟೆಂಪೋ ಮೊದಲು ಬಂತು. ಡ್ರೈವರು ಹಗ್ಗ ಬಿಚ್ಚುತ್ತಿದ್ದಂತೆ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ದಾರೀಲಿ ಇವರನ್ನ ನೋಡಿದ್ರಾ?"

"ಇಲ್ಲಕ್ಕಾ. ಒಂದ್ ಕಡೆ ಲಾರಿ ನಿಲ್ಸಿದ್ರು, ನಾಲ್ಕ್ ಜನ ಸೇರಿದ್ರು. ಲೋಡಿತ್ತಲ್ಲ, ನಾನು ನಿಲ್ಸಲಿಲ್ಲ."

ಅವನು ಚಂದ್ರಿಕೆಗಳನ್ನು ಇಳಿಸುತ್ತ ಹೋದ. ನಾನು ಒಂದೊಂದಾಗಿ ಗೋಡೆಗೆ ಒರಗಿಸಿದೆ, ಹುಳು ಬಿಟ್ಟೆ. ಹೊರಗೆ ಯಾವ ಬೈಕು ಹೋದರೂ ಕೈ ನಿಲ್ಲುತ್ತಿತ್ತು. ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ್ದ ಪ್ರಾರ್ಥನೆಯೊಂದು ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂತು. ಅರ್ಧಕ್ಕೆ ಮರೆತುಹೋಗಿತ್ತು, ಮತ್ತೆ ಮೊದಲಿಂದ ಹೇಳಿದೆ. ಹನ್ನೊಂದು ಸಲ ಫೋನು ಮಾಡಿದ್ದೆ.

ಹನ್ನೊಂದೂಕಾಲಿಗೆ ಬೈಕಿನ ಸದ್ದು ಗೇಟಿನ ಒಳಗೆ ಬಂತು. ಅವರೇ. ಹೆಲ್ಮೆಟ್ಟು ತೆಗೆದರು. ಹಿಂಬದಿಯಲ್ಲಿ ಅಂಗೈಯಗಲದ ಮಂಕು ಗುರುತು, ಅದರ ಮೇಲೆ ಬಿಳಿ ಪುಡಿ.

"ಬಿದ್ದೋಯ್ತು ಕಣೇ. ಹಿಂದೆ ಬರ್ತಿದ್ದ ಲಾರಿಯೋನು ಅದರ ಮ್ಯಾಲೇ ಹತ್ತಿಸ್ದ. ಪಾಪ, ಏನ್ ಮುರಿದೋಯ್ತೋ ಅಂತ ಅವನೂ ಇಳ್ದು ಹುಡುಕ್ದ."

"ಹನ್ನೊಂದ್ ಸಲ ಫೋನ್ ಮಾಡ್ದೆ."

"ಡಬ್ಬದಲ್ಲಿತ್ತಲ್ಲ, ಕೇಳ್ಸಲಿಲ್ಲ. ನೀನು ತರಿಸಿದ್ದು ಅಂತ ಇಷ್ಟ್ ಹೊತ್ತೂ ರಸ್ತೆ ಪಕ್ಕ ಚೂರು ಹುಡುಕ್ತಾ ಇದ್ದೆ." ನನ್ನ ಮುಖ ನೋಡಿ ದನಿ ಇಳಿಸಿದರು. "ಏನಾಯ್ತು? ಅಳ್ತಿದ್ದೀಯಾ?"

"ಸುಣ್ಣ ಕಣ್ಣಿಗೆ ಬಿತ್ತು," ಎಂದೆ. ಅತ್ತೆ ಒಮ್ಮೆ ನನ್ನತ್ತ ನೋಡಿ ಮತ್ತೆ ಹುಳು ಆರಿಸಲು ಬಗ್ಗಿದರು.

ಇಂಥದ್ದು ಕೆಲಸಕ್ಕೆ ಬರುತ್ತದಾ ಎಂದು ಆಮೇಲೆ ಒಂದಿಬ್ಬರು ಕೇಳಿದ್ದಾರೆ. ಊರೊಳಗೆ ನಿಧಾನಕ್ಕೆ ಹೋಗುವವರಿಗೆ ಚೆನ್ನಾಗಿ ಕೇಳುತ್ತದೆ, ಹೊರಗಿನ ಹಾರನ್ನೂ ಕೇಳುತ್ತದೆ. ಹೆದ್ದಾರಿಯ ಗಾಳಿಗೆ ಅರ್ಧ ಮಾತು ಹೋಗುತ್ತದೆ. ಅಂಟಿನ ವಿಷಯದಲ್ಲಿ ನಮ್ಮಂಥ ಸುಣ್ಣದ ಮನೆಯವರು ಒಂದು ದಿನ ಕಾಯಲೇಬೇಕು. ಆದರೆ ನಮ್ಮ ಮನೆಗೆ ಎರಡನೆಯದನ್ನು ನಾನು ತರಿಸಲಿಲ್ಲ. ಫೋನು ಎತ್ತಬೇಡಿ, ಗಾಡಿ ನಿಲ್ಲಿಸಿ ಮಾತಾಡಿ ಎಂದು ಅವತ್ತು ಮಧ್ಯಾಹ್ನ ಊಟ ಬಡಿಸುವಾಗ ಆಣೆ ಹಾಕಿಸಿಕೊಂಡೆ. ಇವರು ತಲೆ ತಗ್ಗಿಸಿ ಹೂಂಗುಟ್ಟಿದರು. ಯಾಕೋ ಊಟ ಸರಿಯಾಗಿ ಮಾಡಲಿಲ್ಲ. ಪಾಪ, ಅವರೂ ಹೆದರಿದ್ದಾರೆ ಎಂದುಕೊಂಡು ಮಜ್ಜಿಗೆ ಕಲಸಿ ಕೊಟ್ಟೆ.

ಸಂಜೆ ಪಕ್ಕದ ಮನೆಯಾಕೆ ಗೂಡು ಕಟ್ಟುವುದನ್ನು ನೋಡಲು ಬಂದಳು. ಬೆಳಿಗ್ಗೆ ಕೋಲಾರಕ್ಕೆ ಹೋಗಿ ಬಂದಿದ್ದವಳು. ಚಂದ್ರಿಕೆಗಳ ಮುಂದೆ ಬಗ್ಗಿ ನೋಡುತ್ತ, ಹೂವಿನ ಬೆಲೆ ಹೇಳಿದಷ್ಟೇ ಹಗುರಾಗಿ ಅಂದಳು:

"ಅಕ್ಕಾ, ಹತ್ತೂವರೆ ಬಸ್ಸಿಗೆ ಬರೋವಾಗ ಸುಗಟೂರಲ್ಲಿ ಅಣ್ಣನ್ನ ನೋಡ್ದೆ. ಯಾರೋ ಲಾರಿ ಡ್ರೈವರ್ ಜೊತೆ ಅಂಗಡಿ ಮುಂದೆ ಬೋಂಡಾ ತಿಂತಾ ನಗ್ತಾ ಕೂತಿದ್ರು. ನಿಮಗೂ ಎರಡು ಕಟ್ಟಿಸ್ಕೊಂಡು ಬಂದ್ರು ತಾನೇ?"