ಅಕ್ಕನ ಡಬ್ಬಿ ಒಲೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಗುರವಾಗಿದ್ದ ವಸ್ತು ಎಂದರೆ ನಾನೊಬ್ಬನೇ. ಉಳಿದದ್ದೆಲ್ಲ ಭಾರ. ವಡಾಲದ ಚಾಳಿನ ಕೋಣೆಗಳ ಸಾಲಿನಲ್ಲಿ ನಮ್ಮದು ಒಂದೇ ಕೋಣೆ. ಅದರೊಳಗೆ ಕಬ್ಬಿಣದ ಟ್ರಂಕು, ಕಲ್ಲಿನ ರುಬ್ಬುಗುಂಡು, ಹಿತ್ತಾಳೆಯ ಸೀಮೆಎಣ್ಣೆ ಸ್ಟೌ. ಅಪ್ಪ ಬಂದರಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ವಿಜಾಪುರದ ಕಡೆಯಿಂದ ಬಂದವನು, ಬಾಗಿಲಿನಷ್ಟು ಅಗಲದ ಮನುಷ್ಯ. ಏನು ಕೊಳ್ಳುವಾಗಲೂ ಮೊದಲು ಕೈಯಲ್ಲಿ ಎತ್ತಿ ನೋಡುತ್ತಿದ್ದ. ಭಾರ ಇದ್ದರೆ ಗಟ್ಟಿ, ಹಗುರ ಇದ್ದರೆ ಮೋಸ. ಕಲ್ಲಂಗಡಿಗೂ ಚಪ್ಪಲಿಗೂ ಅವನದು ಅದೇ ಪರೀಕ್ಷೆ.

ಅಕ್ಕ ಆಗ ದಾದರ್‌ನಲ್ಲಿ ಕಾಲೇಜು ಓದುತ್ತಿದ್ದಳು. ಮಳೆಗಾಲ ಮುಗಿಯುತ್ತಿದ್ದಂತೆ ಅವಳ ಗೆಳತಿಯರೆಲ್ಲ ಟೀಚರ್ ಜೊತೆ ಕರ್ಜತ್ ಕಡೆಯ ಗುಡ್ಡ ಹತ್ತುವುದೆಂದು ನಿಶ್ಚಯವಾಯಿತು. ಗುಡ್ಡದ ತುದಿಯಲ್ಲಿ ಎಲ್ಲರಿಗೂ ಚಹಾ ಮಾಡಿಕೊಡುವುದು ಅಕ್ಕನ ಪಾಲಿಗೆ ಬಂದಿತ್ತು. ಅವ್ವ ಊರಿಗೆ ಹೋಗಿದ್ದಳು, ಹಾಗಾಗಿ ಅಪ್ಪನನ್ನೇ ಕೇಳಬೇಕಾಯಿತು. ಅಪ್ಪ ಒಪ್ಪಿದ. "ಹೋಗು. ಆದ್ರ ನಮ್ಮ ಸ್ಟೌ ಒಯ್ಯಿ. ಅದು ಕೈ ಕೊಡೂದಿಲ್ಲ" ಎಂದ.

ಅಕ್ಕ ಸ್ಟೌವನ್ನು ಚೀಲಕ್ಕೆ ತುಂಬಿ ಬೆನ್ನಿಗೆ ಹಾಕಿಕೊಂಡಳು. ಮರುಕ್ಷಣ ಮಗುಚಿಬಿದ್ದ ಆಮೆಯಂತೆ ಹಾಸಿಗೆಯ ಮೇಲೆ ಅಂಗಾತ ಬಿದ್ದಳು. ನಾನು ಬಿದ್ದು ಬಿದ್ದು ನಕ್ಕೆ. ಮಲಗಿದಲ್ಲಿಂದಲೇ ಅಕ್ಕ ಹೇಳಿದಳು: "ನಗಬ್ಯಾಡ. ನಾವೇ ಒಂದು ಹಗುರ ಒಲಿ ಮಾಡೋಣು. ನೀ ಕೈ ಹಚ್ಚಿದ್ರ ನಿನ್ನೂ ಗುಡ್ಡಕ್ಕ ಕರ್ಕೊಂಡ ಹೋಗ್ತೀನಿ."

ನನ್ನ ನಗು ಅಲ್ಲಿಗೇ ನಿಂತಿತು.

ಖಾಲಿ ಹಾಲುಪುಡಿ ಡಬ್ಬಿಯೊಂದು ಸಿಕ್ಕಿತು. ಸುತ್ತಿಗೆ ಹೊಡೆದಾಗ ನೆಗ್ಗದಿರಲೆಂದು ಅದರ ತುಂಬ ಒದ್ದೆ ಮರಳು ತುಂಬಿದೆವು. ನಾನು ಡಬ್ಬಿ ಹಿಡಿದೆ, ಅಕ್ಕ ಮೊಳೆಯಿಟ್ಟು ತಳದ ಸುತ್ತ ತೂತು ಹೊಡೆದಳು. ಕಡ್ಡಿ ಹಾಕಲು ಪಕ್ಕದಲ್ಲೊಂದು ಕಿಟಕಿ ಕತ್ತರಿಸಿದಳು. ಮರಳು ಸುರಿದು ಡಬ್ಬಿಯನ್ನು ಎತ್ತಿ ನೋಡಿದರೆ ಕೈಯಲ್ಲಿ ಏನೂ ಇಲ್ಲವೆಂಬಷ್ಟು ಹಗುರ.

ಪರೀಕ್ಷೆ ನಡೆದದ್ದು ಕೋಣೆಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ. ಅಕ್ಕ ಒಳಗೆ ಒಣ ಕಡ್ಡಿ ಹಚ್ಚಿ, ಡಬ್ಬಿಯ ಬಾಯಿ ಮೇಲೆ ನೀರಿನ ಪಾತ್ರೆ ಇಟ್ಟಳು. ಅಪ್ಪ ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡಿದ. "ಇದು ಒಲಿ? ಗುಬ್ಬಿ ಕುಂತ್ರ ಕುಸೀತೈತಿ" ಎನ್ನುತ್ತಿದ್ದಂತೆ ಡಬ್ಬಿಯಿಂದ ದಟ್ಟ ಹೊಗೆ ಏಳತೊಡಗಿತು. ಕಣ್ಣೆಲ್ಲ ಉರಿ, ಗಂಟಲೆಲ್ಲ ಕಾರ. ಪಕ್ಕದ ಕೋಣೆಯ ಮರಾಠಿ ಮಾವಶಿ ಹೊರಗೆ ಬಂದವಳೇ "ಆಗ್ ಲಾಗಲಿ! ಆಗ್ ಲಾಗಲಿ!" ಎಂದು ಕೂಗಿ, ಬೆಂಕಿ ಆರಿಸಲು ಒಂದು ಬಕೆಟ್ ನೀರನ್ನು ಹೊಗೆಯೊಳಕ್ಕೆ ಎರಚಿದಳು. ಹೊಗೆ ತಿಳಿಯಾದಾಗ ಡಬ್ಬಿಯ ಮೇಲೆ ಒಂದು ಹನಿಯೂ ಇರಲಿಲ್ಲ. ಅಪ್ಪನ ಮೀಸೆಯಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು.

ಅಕ್ಕ ಪಾತ್ರೆ ಎತ್ತಿ ಡಬ್ಬಿಯೊಳಗೆ ಬಗ್ಗಿ ನೋಡಿದಳು. "ಪಾತ್ರಿ ಬಾಯಿ ಮುಚ್ಚೇತಿ. ಒಲಿಗೂ ಉಸಿರಾಡಾಕ ಬೇಕಲ್ಲ?" ಎಂದಳು. ನಾನು ಸೈಕಲ್ ಅಂಗಡಿಗೆ ಓಡಿ ಮುರಿದ ಸ್ಪೋಕುಗಳನ್ನು ತಂದೆ. ಅವನ್ನು ಬಗ್ಗಿಸಿ ಡಬ್ಬಿಯ ಬಾಯಿಗೆ ಸಿಕ್ಕಿಸಿ, ಪಾತ್ರೆ ಒಂದು ಬೆರಳಿನಷ್ಟು ಮೇಲೆ ಕೂರುವಂತೆ ಮಾಡಿದಳು. ಈ ಸಲ ಉರಿ ಗುರ್ ಎಂದು ಎದ್ದಿತು. ಅಪ್ಪ ಮುಖ ತೊಳೆದು ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತು.

ಅಪ್ಪ ಸೋಲಲಿಲ್ಲ. "ಇಲ್ಲಿ ಗ್ವಾಡಿ ಐತಿ. ಗುಡ್ಡದ ಮ್ಯಾಲೆ ಗಾಳಿ ಬೀಸಿದ್ರ ನಿನ್ನ ಡಬ್ಬಿ ನಿಮಗಿಂತ ಮೊದ್ಲ ವಡಾಲಕ್ಕ ಬರ್ತೈತಿ. ನಮ್ಮ ಸ್ಟೌ ಹೊತ್ಕೊಂಡು ನಾನೂ ಬರ್ತೀನಿ" ಎಂದುಬಿಟ್ಟ.

ಭಾನುವಾರ ನಸುಕಿನಲ್ಲೇ ದಾದರ್‌ನಿಂದ ಲೋಕಲ್ ಹತ್ತಿದೆವು. ಕರ್ಜತ್ ಇಳಿದರೆ ಗಾಳಿಯಲ್ಲಿ ಹಸಿ ಹುಲ್ಲಿನ ವಾಸನೆ. ಗುಡ್ಡ ಹತ್ತತೊಡಗಿದಾಗ ಅದರ ಜೊತೆಗೆ ಅಪ್ಪನ ಚೀಲದಿಂದ ಸೀಮೆಎಣ್ಣೆಯ ವಾಸನೆಯೂ ಬರತೊಡಗಿತು. ನಮ್ಮ ಚಪಾತಿ ಇದ್ದದ್ದೂ ಅದೇ ಚೀಲದಲ್ಲಿ. ಸಮನೆಲದಲ್ಲಿ ಮೂಟೆ ಹೊರುವ ಅಪ್ಪ ಏರಿನಲ್ಲಿ ಕಲ್ಲು ಸಿಕ್ಕಲ್ಲೆಲ್ಲ ಕೂತ. ಏನಾಯಿತೆಂದು ಟೀಚರ್ ಕೇಳಿದರೆ "ಸೀನರಿ ನೋಡಾಕತ್ತೀನ್ರಿ" ಎನ್ನುತ್ತಿದ್ದ. ನಾನು ಡಬ್ಬಿ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಒಣ ಕಡ್ಡಿ ಆರಿಸುತ್ತಾ ಎಲ್ಲರಿಗಿಂತ ಮುಂದೆ ಓಡುತ್ತಿದ್ದೆ.

ತುದಿಯಲ್ಲಿ ಬರೀ ಬಂಡೆ, ಮೇಲೆ ಸುಯ್ಯೆನ್ನುವ ಗಾಳಿ. ಹುಡುಗಿಯರು ಚಳಿಗೆ ಒಬ್ಬರಿಗೊಬ್ಬರು ಒತ್ತಿ ಕೂತಿದ್ದರು. ಅಪ್ಪ ಗತ್ತಿನಿಂದ ಸ್ಟೌ ಇಟ್ಟು ಪಂಪ್ ಹೊಡೆದ. ಹತ್ತಲಿಲ್ಲ. ಇನ್ನೂ ಹೊಡೆದ. ಅದರ ಮೂತಿ ಕಟ್ಟಿಕೊಂಡಿತ್ತು, ಚುಚ್ಚುವ ಪಿನ್ನು ವಡಾಲದ ಮನೆಯ ಮಾಡದಲ್ಲಿತ್ತು. ಅಕ್ಕ ತನ್ನ ಡಬ್ಬಿ ಇಟ್ಟಳು. ಕಡ್ಡಿ ಗೀರಿದಂತೆಲ್ಲ ಗಾಳಿ ಆರಿಸಿತು. ಕೊನೆಗೆ ಡಬ್ಬಿಯೇ ಉರುಳಿಕೊಂಡು ಹೊರಟಿತು. ನಾನು ಹಿಂದೆ ಓಡಿ ಹಿಡಿದೆ.

"ಇರಲಿ ಬಿಡು, ಕೆಳಗೆ ಸ್ಟೇಷನ್ನಲ್ಲಿ ಕುಡಿಯೋಣ" ಎಂದರು ಟೀಚರ್. ಅಕ್ಕನ ಕಣ್ಣು ತುಂಬಿ ಬಂತು. ಅಡ್ಡ ಇಡಲು ಕಲ್ಲು ಸಿಕ್ಕೀತೇ ಎಂದು ಸುತ್ತ ನೋಡಿದಳು. ಎಲ್ಲೂ ಇರಲಿಲ್ಲ. ಆಮೇಲೆ ಅವಳ ದೃಷ್ಟಿ ಅಪ್ಪನ ಮೇಲೆ ನಿಂತಿತು.

"ಅಪ್ಪಾ, ಇಲ್ಲಿ ಅಡ್ಡ ಮಲ್ಕೊ."

"ಯಾಕ?"

"ಗ್ವಾಡಿ ಬೇಕಾಗೇತಿ."

ಅಪ್ಪ ಅವಳ ಮುಖವನ್ನೊಮ್ಮೆ ನೋಡಿದ. ಬಂಡೆಯ ಮೇಲೆ ಮಗ್ಗುಲಾಗಿ ಉದ್ದಕ್ಕೂ ಮಲಗಿದ. ಅವನ ಹೊಟ್ಟೆಯ ಮರೆಯಲ್ಲಿ ಒಂದೇ ಗೀರಿಗೆ ಉರಿ ಹತ್ತಿತು. "ಬೆನ್ನಿಗೆ ಇರಬಿ ಕಡಿಯಾಕತ್ತೈತಿ!" ಎಂದು ಅಪ್ಪ ಒದರಿದ. "ಅಲುಗಾಡಬ್ಯಾಡ, ಕುದಿ ಬರ್ಲಿ" ಎಂದಳು ಅಕ್ಕ. ಅಪ್ಪನ ಅಂಥ ಶರೀರ ಆ ಒಂದು ಇರುವೆಗಾಗಿ ಒಳಗೊಳಗೇ ನಡುಗುತ್ತಿತ್ತು, ಆದರೆ ಗೋಡೆ ಕದಲಲಿಲ್ಲ.

ಚಹಾಕ್ಕೆ ಶುಂಠಿಗಿಂತ ಹೊಗೆಯ ರುಚಿಯೇ ಹೆಚ್ಚಿತ್ತು. ಎಲ್ಲರೂ ಊದಿ ಊದಿ ಕುಡಿದರು. ಅಪ್ಪ ಮಲಗಿಕೊಂಡೇ ಕುಡಿದ, ಖಾಲಿ ಕಪ್ಪನ್ನು ಮತ್ತೆ ಮುಂದೆ ಚಾಚಿದ. ಅಕ್ಕನ ನಗು ಅವಳ ಕಿವಿಯವರೆಗೂ ಹೋಗಿತ್ತು.

ಮರುದಿನ ಕೆಲಸಕ್ಕೆ ಹೊರಟ ಅಪ್ಪ ಬಾಗಿಲಲ್ಲಿ ನಿಂತು, ಆಚೀಚೆ ನೋಡಿ, ಮೆಲ್ಲಗೆ ಅಕ್ಕನಿಗೆ ಹೇಳಿದ: "ಗೋದಾಮಿನಾಗ ಚಹಾ ಮಾಡಾಕ ನಮಗೂ ಅಂಥದ್ದೊಂದು ಮಾಡಿಕೊಡು. ಸ್ವಲ್ಪ ಭಾರ ಇರ್ಲಿ."

ಈಗ ಪವಾಯಿಯ ಬಿಲ್ಡಿಂಗಿನಲ್ಲಿರುವ ನನ್ನ ಮೊಮ್ಮಕ್ಕಳೂ ಅದೇ ಗುಡ್ಡಗಳಿಗೆ ಹೋಗುತ್ತಾರೆ. ಅವರ ಸ್ಟೌ ಮುಷ್ಟಿಯೊಳಗೆ ಅಡಗುತ್ತದೆ. ಚಿಕ್ಕ ಗ್ಯಾಸ್ ಡಬ್ಬಿಗೆ ತಿರುಗಿಸಿ ಗುಂಡಿ ಒತ್ತಿದರೆ ನೀಲಿ ಉರಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಮನೆಯಲ್ಲೇ ಮೊಬೈಲ್ ಹೇಳುತ್ತದೆ. ಗಾಳಿಗೆ ಅಡ್ಡ ಹಿಡಿಯುವ ತಗಡೂ ಬರುತ್ತದೆ, ಮಡಚಿದರೆ ಪುಸ್ತಕದಷ್ಟೇ. ಮೊನ್ನೆ ಹೊರಡುವಾಗ ಆ ತಗಡು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಈ ಕಥೆಯನ್ನು ನನ್ನಿಂದ ಎಷ್ಟೋ ಸಲ ಕೇಳಿದ್ದ ಮೊಮ್ಮಗಳು, "ನೋ ಪ್ರಾಬ್ಲೆಮ್ ಅಜ್ಜಾ, ಪಪ್ಪಾನ್ನ ಕರ್ಕೊಂಡು ಹೋಗ್ತೀವಿ" ಎಂದಳು.

ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನ್ನ ಮಗ ತಲೆ ಎತ್ತಿ, ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡ.