ಬೆಳೆಯುವ ಕೈಗೊಂದು ಬೆಲ್ಟು

ನೈಲಾನ್ ಸುಟ್ಟ ವಾಸನೆ ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ನಿಂತುಬಿಡುತ್ತೇನೆ. ಮೊನ್ನೆ ಕೊಪ್ಪದ ವಾಚ್ ಅಂಗಡಿಯವನು ಯಾರದೋ ಬ್ಯಾಗಿನ ದಾರದ ತುದಿಗೆ ಲೈಟರ್ ಹಿಡಿದಿದ್ದ. ನನ್ನ ವಾಚಿನ ಬೆಲ್ಟು ಬಿಗಿಯಾಗಿ ಕೈಯಲ್ಲಿ ಗೆರೆ ಬೀಳುತ್ತಿತ್ತು, ಅದಕ್ಕೇ ಹೋಗಿದ್ದೆ. ಅವನು ಅದನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿ, "ಇದನ್ನ ಕತ್ತರಿಸಿ ಬಿಸಾಕಿ ಮೇಡಂ, ರಬ್ಬರಿಂದು ಹಾಕಿ ಕೊಡ್ತೀನಿ" ಎಂದ. ಆ ವಾಸನೆ ಇಲ್ಲದಿದ್ದರೆ ಹೂಂ ಅಂದುಬಿಡುತ್ತಿದ್ದೆನೋ ಏನೋ... ವಾಚು ಕಿತ್ತುಕೊಂಡು ಮನೆಗೆ ಬಂದೆ.

ಆ ಬೆಲ್ಟನ್ನು ಹೆಣೆದವಳು ಬಸರೀಕಟ್ಟೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮ. ನಂಟೇನೂ ಇಲ್ಲ, ಅಮ್ಮ ಅವಳನ್ನು ಅಕ್ಕ ಎನ್ನುತ್ತಿದ್ದಳು, ನನಗೆ ದೊಡ್ಡಮ್ಮ ಆದಳು. ಅಮ್ಮ ಕಾಫಿ ಕೊಯ್ಲಿಗೆ ಹೋದರೆ ಅವಳಿಗೆ ಎಸ್ಟೇಟಿನ ದನದ ಕೊಟ್ಟಿಗೆ ಕೆಲಸ. ದೀಪಾವಳಿ ಹತ್ತಿರ ಬಂತೆಂದರೆ ಕರುಗಳ ಕೊರಳಿಗೆ ಹೊಸ ಕಣ್ಣಿ ಹೆಣೆಯುತ್ತಾ ಕೂರುವಳು. ಕರು ಬೆಳೆಯುತ್ತದಲ್ಲ, ಅದಕ್ಕೆ ಹೆಣಿಗೆಯಲ್ಲಿ ಒಂದಷ್ಟನ್ನು ಮಡಚಿ ಮೇಲೆ ದಾರ ಸುತ್ತಿಬಿಡುವಳು. ಕೊರಳು ದಪ್ಪವಾದಾಗ ಸುತ್ತು ಬಿಚ್ಚಿದರಾಯಿತು.

ನನಗೆ ಎನ್.ಆರ್. ಪುರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಹೊರಡುವ ಹಿಂದಿನ ದಿನ ನೋಡಿದರೆ, ಅಪ್ಪ ಕೊಟ್ಟ ವಾಚಿನ ಚರ್ಮದ ಬೆಲ್ಟು ಬೂಷ್ಟು ಹಿಡಿದು ಎರಡು ತುಂಡು. ನಾಡಿ ಎಣಿಸಲು ಸೆಕೆಂಡಿನ ಮುಳ್ಳು ಬೇಕೇ ಬೇಕು. ಮೊದಲ ದಿನವೇ ಬೈಸಿಕೊಳ್ಳುವುದು ಗ್ಯಾರಂಟಿ ಎಂದು ಅಳುತ್ತಾ ಕೂತೆ. ದೊಡ್ಡಮ್ಮ ಜೀಪಿನ ಟರ್ಪಾಲು ಕಟ್ಟುವ ಹಸಿರು ನೈಲಾನ್ ಹಗ್ಗದ ತುಂಡು ತಂದಳು. ಎಳೆ ಬಿಡಿಸಿ, ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಜಡೆ ಹಾಕಿದ ಹಾಗೆ ಹೆಣೆದಳು. ಒಂದು ತುದಿಗೆ ಕುಣಿಕೆ, ಇನ್ನೊಂದಕ್ಕೆ ಅದರೊಳಗೆ ಸಿಕ್ಕುವ ಗಂಟು. ಬೆಂಕಿಕಡ್ಡಿ ಗೀರಿ ತುದಿ ಕರಗಿಸಿ, ಉಗುಳು ಹಚ್ಚಿದ ಬೆರಳಲ್ಲಿ ಒತ್ತಿದಳು. ಕೈಯ ಅಭ್ಯಾಸ ಎಲ್ಲಿ ಬಿಡುತ್ತದೆ? ನಡುವೆ ಮಡಚಿ ದಾರ ಸುತ್ತಿಯೂ ಆಗಿತ್ತು!

"ಎಂತ ದೊಡ್ಡಮ್ಮ, ನಾನೇನು ಕರುವಾ? ಇಪ್ಪತ್ತೆರಡಾಯ್ತು, ಇನ್ನೆಲ್ಲಿ ಬೆಳೀತೀನಿ?"

"ಸುಮ್ನಿರು ಮಾರಾಯ್ತಿ. ಸಂಬ್ಳದ ಊಟ ಉಂಡ್ಮೇಲೆ ನೋಡು. ಬಿಗಿ ಆದಾಗ ಬಾ, ಬಿಚ್ಚಿಕೊಡ್ತೀನಿ."

ಆಸ್ಪತ್ರೆಯಲ್ಲಿ ಎಲ್ಲರೂ ಕರುವಿನ ಬೆಲ್ಟು ಎಂದು ನಕ್ಕರು. ನಗಲಿ ಬಿಡಿ! ಅವರ ಚರ್ಮದ ಬೆಲ್ಟುಗಳು ಮಳೆಗಾಲ ದಾಟುತ್ತಿರಲಿಲ್ಲ, ನನ್ನದು ಜಗ್ಗಲಿಲ್ಲ. ಊರಿಗೆ ಹೋದಾಗಲೆಲ್ಲ ದೊಡ್ಡಮ್ಮ ಅದರೊಳಗೆ ಬೆರಳು ತೂರಿಸಿ, "ಇನ್ನೂ ಸಡ್ಲ ಇದ್ಯಲ್ಲೇ, ಉಣ್ಣೋದಿಲ್ವಾ?" ಎಂದು ಬೇಜಾರು ಮಾಡಿಕೊಳ್ಳುವಳು. ಕೊನೆಗೆ ಅವಳನ್ನು ನಮ್ಮ ವಾರ್ಡಿಗೇ ತಂದರು. ಅವಳ ನಾಡಿಯನ್ನೂ ಇದೇ ವಾಚು ನೋಡಿ ಎಣಿಸಿದೆ... ಮಾತು ನಿಂತಿತ್ತು. ಆದರೂ ಬೆರಳನ್ನು ನನ್ನ ಬೆಲ್ಟಿನೊಳಗೆ ತೂರಿಸಿ ನೋಡಿದಳು. ಆಗಲೂ ಸಡಿಲವೇ ಇತ್ತು.

ಅವಳು ಹೋದ ಮೇಲೆ ಮಡಿಕೆ ಇರುವುದೇ ನನಗೆ ಮರೆತುಹೋಗಿತ್ತು. ಮೊನ್ನೆ ಮನೆಗೆ ಬಂದು ಸೂಜಿಯಿಂದ ಆ ಸುತ್ತು ಬಿಚ್ಚಿದೆ. ಮೇಲಿನದೆಲ್ಲ ಬೂದಿ ಬಣ್ಣ. ಮಡಿಕೆಯೊಳಗಿನ ಹಗ್ಗ ಅಂದಿನ ಹಸಿರೇ. ಕಟ್ಟಿಕೊಂಡು ಬೆರಳು ತೂರಿಸಿದೆ, ಸರಾಗವಾಗಿ ಹೋಯಿತು. ನಾನು ಬೆಳೆದಿದ್ದೆ, ಅಡ್ಡಡ್ಡವಾಗಿಯಾದರೂ. ಅವಳು ಹೇಳಿದ್ದು ಸರಿಯಾಗಿತ್ತು.

"ಬಿಗಿ ಆಯ್ತು ದೊಡ್ಡಮ್ಮ" ಎಂದು ಜೋರಾಗಿಯೇ ಹೇಳಿದೆ. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ.